ಹೊಸ ಫೋನ್ ಕೊಂಡರೆ ಅಪ್ಪನ ಹಳೆಯ ಪೋಸ್ಟ್‌ಪೇಯ್ಡ್ ಪ್ಲಾನ್ ಬಿಡಲೇಬೇಕೇ?

ಪ್ರಶ್ನೆ: ಶಿರಸಿಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಶಿರಸಿಯ ಹತ್ತಿರದ ಹಳ್ಳಿಯಲ್ಲಿದ್ದಾರೆ. ನಾನು ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಹದಿನೈದು ವರ್ಷಗಳಿಂದ ಅಪ್ಪನ ಮೊಬೈಲ್ ನಂಬರ್ ಒಂದೇ. ಅಡಿಕೆ ಸೊಸೈಟಿ, ಎರಡು ಬ್ಯಾಂಕು, ಆಧಾರ್, ಗ್ಯಾಸ್ ಏಜೆನ್ಸಿ, ಜೀವವಿಮೆ ಹೀಗೆ ಎಲ್ಲ ಕಡೆಯೂ ಅದೇ ನಂಬರ್ ದಾಖಲಾಗಿದೆ. ಅವರದು ತಿಂಗಳಿಗೆ 249 ರೂಪಾಯಿಯ ಪೋಸ್ಟ್‌ಪೇಯ್ಡ್ ಪ್ಲಾನ್. ಶೇ. 18ರ ಜಿಎಸ್‌ಟಿ ಸೇರಿ ಬಿಲ್ 293 ರೂಪಾಯಿ 82 ಪೈಸೆ ಬರುತ್ತದೆ. ಕರೆಗಳಿಗೆ ಮಿತಿಯಿಲ್ಲ, ತಿಂಗಳಿಗೆ 10 ಜಿಬಿ ಡೇಟಾ ಇದೆ. ಈ ಪ್ಲಾನನ್ನು ಹೊಸಬರಿಗೆ ಕೊಡುವುದನ್ನು ಕಂಪನಿ ನಿಲ್ಲಿಸಿ ಬಹಳ ಕಾಲವಾಯಿತು, ಆದರೆ ಹಳೆಯ ಗ್ರಾಹಕರಿಗೆ ಮುಂದುವರಿಸಿಕೊಂಡು ಬಂದಿದೆ.

ಈಗ ತೊಂದರೆಯೆಂದರೆ 2018ರಲ್ಲಿ ಕೊಂಡ ಅವರ 4ಜಿ ಫೋನಿನ ಆಯುಸ್ಸು ಮುಗಿದಿದೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಒಂದು ಬದಿಯಲ್ಲಿ ಎದ್ದು ನಿಂತಿದೆ, ಅಪ್ಪ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟುಕೊಂಡಿದ್ದಾರೆ. ಆಂಡ್ರಾಯ್ಡ್ ಹಳೆಯದಾಯಿತೆಂದು ಬ್ಯಾಂಕಿನ ಆ್ಯಪ್ ತೆರೆಯುವುದೇ ಇಲ್ಲ. ಸುಮಾರು 14 ಸಾವಿರ ರೂಪಾಯಿಯೊಳಗೆ ಒಂದು 5ಜಿ ಫೋನ್ ಕೊಡಿಸೋಣವೆಂದು ಕಳೆದ ವಾರ ಊರಿಗೆ ಹೋದಾಗ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯವರು, "5ಜಿ ಫೋನಿಗೆ ಹಳೇ ಪ್ಲಾನ್ ನಡೆಯೋದಿಲ್ಲ ಮೇಡಂ, ಸಿಮ್ ಬದಲಿಸಬೇಕು, ಸಿಮ್ ಬದಲಿಸಿದರೆ ಪ್ಲಾನ್ ತಾನಾಗಿಯೇ 449ಕ್ಕೆ ಹೋಗುತ್ತದೆ" ಎಂದರು. ತೆರಿಗೆ ಸೇರಿದರೆ ಅದು 529 ರೂಪಾಯಿ 82 ಪೈಸೆ. ತಿಂಗಳಿಗೆ 236 ರೂಪಾಯಿಯಂತೆ ವರ್ಷಕ್ಕೆ 2,832 ರೂಪಾಯಿ ಹೆಚ್ಚು. ಅಪ್ಪ "ಹಾಗಾದರೆ ಫೋನೇ ಬೇಡ" ಎಂದು ಅಂಗಡಿಯಿಂದ ಎದ್ದು ಬಂದರು.

ಅಂಗಡಿಯವರು ಹೇಳಿದ್ದು ನಿಜವೇ? ಅಪ್ಪನ ಸಿಮ್ ಹಿಂದೊಮ್ಮೆ ಕತ್ತರಿಸಿ ಚಿಕ್ಕದು ಮಾಡಿದ್ದು. ಆಗಾಗ "ಸಿಮ್ ಇಲ್ಲ" ಎಂದು ತೋರಿಸುತ್ತದೆ, ಆದ್ದರಿಂದ ಅದನ್ನು ಬದಲಿಸುವುದು ಹೇಗೂ ಅಗತ್ಯ. ಪ್ಲಾನ್ ಕೈಬಿಡದಂತೆ ಇದನ್ನೆಲ್ಲ ಮಾಡುವ ದಾರಿ ತಿಳಿದವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಹುಬ್ಬಳ್ಳಿ ಕೌಂಟರ್

ಮೇಡಂ, ಪ್ಲಾನಿನ ಮಾತಿಗೆ ಮೊದಲು ಬ್ಯಾಟರಿಯ ಮಾತು. ಉಬ್ಬಿದ ಬ್ಯಾಟರಿಯ ಫೋನನ್ನು ಚಾರ್ಜಿಗೆ ಹಾಕುವುದನ್ನು ಇಂದೇ ನಿಲ್ಲಿಸಲು ಅಪ್ಪನವರಿಗೆ ಹೇಳಿ. ರಬ್ಬರ್ ಬ್ಯಾಂಡ್ ಬಿಗಿದು ಒತ್ತಿಡುವುದು ಅಪಾಯಕ್ಕೆ ದಾರಿ, ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು. ಹೊಸ ಫೋನ್ ಬರುವವರೆಗೆ ಮನೆಯಲ್ಲಿರುವ ಯಾವುದಾದರೂ ಫೋನಿಗೆ ಸಿಮ್ ಹಾಕಿಕೊಳ್ಳಲಿ.

ಮೊಬೈಲ್ ಕಂಪನಿಯೊಂದರ ಸೇವಾ ಮಳಿಗೆಯ ಕೌಂಟರಿನಲ್ಲಿ ಆರು ವರ್ಷ ಕೂತು ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ: ಅಂಗಡಿಯವರು ಹೇಳಿದ ಎರಡು ಮಾತೂ ಸರಿಯಲ್ಲ. ನಮ್ಮ ದೇಶದಲ್ಲಿ ಫೋನ್ ಬೇರೆ, ಪ್ಲಾನ್ ಬೇರೆ. ಅಮೆರಿಕದಂತಹ ಕಡೆ ಕಂಪನಿಗಳು ಫೋನಿನ ಬೆಲೆಯನ್ನು ಕಂತು ಮಾಡಿ ತಿಂಗಳ ಬಿಲ್ಲಿಗೆ ಸೇರಿಸಿ ಮಾರುವ ಪದ್ಧತಿ ಇರುವುದರಿಂದ, ಹೊಸ ಫೋನ್ ತೆಗೆದುಕೊಂಡವರಿಗೆ ಹೊಸ ಪ್ಲಾನ್ ಅಂಟಿಕೊಂಡು ಬರುವ ಸಂಭವ ಅಲ್ಲಿದೆ. ಇಲ್ಲಿ ನೀವು ಪೂರ್ತಿ ಹಣ ಕೊಟ್ಟು ಅಂಗಡಿಯಲ್ಲಿ ಕೊಳ್ಳುವ ಫೋನಿಗೂ ನಿಮ್ಮ ಬಿಲ್ಲಿಗೂ ಯಾವ ಕರಾರೂ ಇರುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಫೋನಿಗೆ ಐಎಂಇಐ ಎಂಬ 15 ಅಂಕಿಗಳ ಗುರುತು ಇರುತ್ತದೆ, *#06# ಒತ್ತಿದರೆ ಅದು ಪರದೆಯ ಮೇಲೆ ಕಾಣುತ್ತದೆ. ಸಿಮ್‌ನೊಳಗೆ ಐಎಂಎಸ್‌ಐ ಎಂಬ ಬೇರೆ ಗುರುತು ಮತ್ತು ಒಂದು ರಹಸ್ಯ ಕೀಲಿ ಇರುತ್ತವೆ. ಪ್ಲಾನ್ ಇರುವುದು ಇವೆರಡರಲ್ಲಿಯೂ ಅಲ್ಲ, ಕಂಪನಿಯ ಬಿಲ್ಲಿಂಗ್ ತಂತ್ರಾಂಶದಲ್ಲಿ, ಅಪ್ಪನವರ ಮೊಬೈಲ್ ನಂಬರಿನ ಎದುರಿಗೆ. ಫೋನ್ ಬದಲಿಸಿದಾಗ ಬಿಲ್ಲಿಂಗ್‌ನಲ್ಲಿ ಏನೂ ಬದಲಾಗುವುದಿಲ್ಲ. ಸಿಮ್ ಬದಲಿಸಿದಾಗ ಅದೇ ನಂಬರನ್ನು ಹೊಸ ಐಎಂಎಸ್‌ಐಗೆ ಜೋಡಿಸುತ್ತಾರೆ, ಪ್ಲಾನ್ ಇದ್ದಲ್ಲೇ ಇರುತ್ತದೆ. ಪ್ಲಾನ್ ಬದಲಾಗಬೇಕಾದರೆ ಯಾರಾದರೂ ಅದಕ್ಕೆಂದೇ ಪ್ರತ್ಯೇಕವಾದ ಕೋರಿಕೆಯನ್ನು ದಾಖಲಿಸಬೇಕು. "ತಾನಾಗಿಯೇ" ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ. ನನ್ನ ಕೌಂಟರಿನಲ್ಲಿ ಪ್ರತಿ ತಿಂಗಳೂ ಇಂತಿಷ್ಟು ಪ್ಲಾನ್ ಅಪ್‌ಗ್ರೇಡ್ ಮಾಡಿಸಬೇಕೆಂಬ ಗುರಿ ಇರುತ್ತಿತ್ತು, ಸಿಮ್ ಬದಲಿಸಲು ಬಂದ ಹಿರಿಯರೇ ಆ ಗುರಿಗೆ ಸುಲಭವಾಗಿ ಸಿಗುತ್ತಿದ್ದರು. ಅದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಆದ್ದರಿಂದ ಫೋನನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಿ, ಸಿಮ್ ಬದಲಿಸುವ ಕೆಲಸವನ್ನು ಮಾತ್ರ ಕಂಪನಿಯ ಸ್ವಂತ ಮಳಿಗೆಯಲ್ಲಿ ಮಾಡಿಸಿ. ಸಂಪರ್ಕ ಅಪ್ಪನವರ ಹೆಸರಿನಲ್ಲಿರುವುದರಿಂದ ಅವರೇ ಆಧಾರ್‌ನೊಂದಿಗೆ ಬರಬೇಕಾಗುತ್ತದೆ. ಅಲ್ಲಿ ಹೇಳಬೇಕಾದ ಮಾತು ಒಂದೇ: "ಸಿಮ್ ರೀಪ್ಲೇಸ್‌ಮೆಂಟ್ ಮಾತ್ರ, ಪ್ಲಾನ್ ಬದಲಾವಣೆ ಬೇಡ." ಹೊಸ ಸಿಮ್ ಚಾಲೂ ಆದ ಮೇಲೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಕಲಿ ಸಿಮ್ ಪಡೆದು ಬ್ಯಾಂಕಿನ ಹಣ ದೋಚುವ ವಂಚನೆಯನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಅಂದರೆ ಆ ಒಂದು ದಿನ ಒಟಿಪಿ ಬರುವುದಿಲ್ಲ. ಸೊಸೈಟಿಯಲ್ಲಿ ಅಡಿಕೆ ವ್ಯಾಪಾರವಿರುವ ದಿನವನ್ನೋ ಕಂತು ಕಟ್ಟುವ ದಿನವನ್ನೋ ಇದಕ್ಕೆ ಆರಿಸಿಕೊಳ್ಳಬೇಡಿ.

ಉತ್ತರ 2: ಮೈಸೂರಿನ ಓದುಗಿ

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ಪ್ಲಾನ್ ತಾನಾಗಿ ಹೋಗುವುದಿಲ್ಲ, ಆದರೆ ನಮ್ಮ ಕೈಯಿಂದಲೇ ಹೋಗುವಂತೆ ಮಾಡುತ್ತಾರೆ. ಅದು ಹೇಗೆಂಬುದನ್ನು ನಮ್ಮ ಅಮ್ಮನ ವಿಷಯದಲ್ಲಿ ಕಂಡವಳು ನಾನು. ಕಂಪನಿಯ ಹೆಸರು ಇಲ್ಲಿ ಬೇಡ.

ಅಮ್ಮನ ಸಿಮ್ ಹಾಳಾಗಿ ಅವರನ್ನು ಮಳಿಗೆಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಹುಡುಗ ಬಹಳ ಮರ್ಯಾದೆಯಿಂದಲೇ ಮಾತನಾಡಿಸಿದ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆದುಕೊಂಡ, ಟ್ಯಾಬ್ಲೆಟ್‌ನಲ್ಲಿ ಏನೋ ತುಂಬಿಸಿದ. ಹಳೆಯ ಸಿಮ್ ಕುಂಟುತ್ತಲೇ ಕೆಲಸ ಮಾಡುತ್ತಿದ್ದುದರಿಂದ ಒಟಿಪಿ ಅದಕ್ಕೇ ಬಂತು. ಮೊದಲನೆಯದನ್ನು ಹೇಳಿದೆವು. ಎರಡು ನಿಮಿಷ ಬಿಟ್ಟು "ಇನ್ನೊಂದು ಬಂದಿರುತ್ತದೆ, ಹೇಳಿ ಅಮ್ಮಾ" ಎಂದ. ಅಮ್ಮ ಕನ್ನಡಕವನ್ನು ಹಣೆಗೇರಿಸಿ ಫೋನನ್ನು ದೂರ ಹಿಡಿದು ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಅಂಕಿಗಳ ಮುಂದಿದ್ದ ಇಂಗ್ಲಿಷ್ ಸಾಲನ್ನು ಅವರು ಓದಲಿಲ್ಲ, ಪಕ್ಕದಲ್ಲೇ ಇದ್ದ ನಾನೂ ಓದಲಿಲ್ಲ. ಮುಂದಿನ ತಿಂಗಳು ಬಿಲ್ ಹೆಚ್ಚಾಗಿ ಬಂದಾಗ ಹಳೆಯ ಮೆಸೇಜುಗಳನ್ನು ತೆಗೆದು ನೋಡಿದೆ. ಆ ಎರಡನೆಯ ಒಟಿಪಿ ಪ್ಲಾನ್ ಬದಲಾವಣೆಗೆ ಒಪ್ಪಿಗೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು.

ದೂರು ಕೊಟ್ಟೆ. ಗ್ರಾಹಕರೇ ಒಟಿಪಿ ಮೂಲಕ ಒಪ್ಪಿದ್ದಾರೆ, ಹಳೆಯ ಪ್ಲಾನ್ ಈಗ ಚಾಲ್ತಿಯಲ್ಲಿಲ್ಲ, ಹಿಂದಿರುಗಿಸಲು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಮೂರು ತಿಂಗಳ ಮಟ್ಟಿಗೆ ಒಂದಿಷ್ಟು ರಿಯಾಯಿತಿ ಕೊಟ್ಟು ಮುಗಿಸಿದರು. ಮಾರಾಟ ನಿಲ್ಲಿಸಿದ ಪ್ಲಾನ್ ಒಮ್ಮೆ ಕೈಬಿಟ್ಟರೆ ಮರಳಿ ಸಿಗುವುದು ಬಹಳ ಕಷ್ಟ. ಆದ್ದರಿಂದ ಪ್ರತಿಯೊಂದು ಒಟಿಪಿಯ ಮೆಸೇಜನ್ನೂ ಪೂರ್ತಿ ಓದಿದ ಮೇಲೆಯೇ ಅಂಕಿಗಳನ್ನು ಹೇಳಿ. ಹೋಗುವ ಮುನ್ನ ಆ್ಯಪಿನಲ್ಲಿ ಈಗಿನ ಪ್ಲಾನ್ ತೋರಿಸುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಹಿಂದಿನ ತಿಂಗಳ ಬಿಲ್ಲಿನ ಪ್ರತಿಯನ್ನೂ ಇಟ್ಟುಕೊಳ್ಳಿ. ನನ್ನ ಬಳಿ ಎರಡೂ ಇರಲಿಲ್ಲ.

ಉತ್ತರ 3: ಸಿಗ್ನಲ್ ಬೆಂಗಳೂರು

5ಜಿ ಫೋನಿಗೆ 5ಜಿ ಪ್ಲಾನೇ ಬೇಕೆಂಬ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. 5ಜಿ ಫೋನ್ ಎಂದರೆ 4ಜಿಯಲ್ಲಿಯೂ 5ಜಿಯಲ್ಲಿಯೂ ನಡೆಯಬಲ್ಲ ಫೋನ್. ಪ್ಲಾನಿನಲ್ಲಿ 5ಜಿ ಇಲ್ಲದಿದ್ದರೆ, ಅಥವಾ ಊರಿನಲ್ಲಿ ಸಿಗ್ನಲ್ ಇಲ್ಲದಿದ್ದರೆ, ಅದು ಇಂದಿನಂತೆಯೇ 4ಜಿಯಲ್ಲಿ ಕೆಲಸ ಮಾಡಿಕೊಂಡು ಹೋಗುತ್ತದೆ.

ದೇಶದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಏರ್‌ಟೆಲ್‌ನ ಮೊದಲ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು, ಜಿಯೊ ಅದೇ ನವೆಂಬರಿನಲ್ಲಿ ಇಲ್ಲಿಗೆ ತಂದಿತು. ಈಗಿರುವ 4ಜಿ ಸಿಮ್ಮೇ ಸಾಕು, 5ಜಿಗೆಂದು ಬೇರೆ ಸಿಮ್ ಬೇಡ ಎಂದು ಎರಡೂ ಕಂಪನಿಗಳು ಆಗಲೇ ಹೇಳಿದ್ದವು. ಹಾಗಾಗಿ 5ಜಿಗೋಸ್ಕರ ಸಿಮ್ ಬದಲಿಸಬೇಕು ಎಂಬುದೂ ತಪ್ಪು. ನಿಮ್ಮ ತಂದೆಯವರು ಬದಲಿಸಬೇಕಾಗಿರುವುದು ಅದನ್ನು ಕತ್ತರಿಸಿ ಹಾಳುಮಾಡಿರುವುದರಿಂದ.

ಅಂಗಡಿಯವರ ಮಾತಿನಲ್ಲಿ ನಿಜದ ಎಳೆ ಒಂದಿದೆ, ಅದನ್ನೂ ಹೇಳಬೇಕು. ಆರಂಭದಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಸಿಗುತ್ತಿದ್ದ ಮಿತಿಯಿಲ್ಲದ 5ಜಿ ಡೇಟಾವನ್ನು 2024ರ ಜುಲೈನಲ್ಲಿ ದರ ಏರಿಸಿದಾಗ ಈ ಕಂಪನಿಗಳು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ರೀಪೇಯ್ಡ್ ಪ್ಯಾಕುಗಳಿಗೆ ಸೀಮಿತಗೊಳಿಸಿದವು. ಹಳೆಯ ಪ್ಲಾನಿಗೆ 5ಜಿ ಸಿಗದೇ ಹೋಗಬಹುದು. ಸಿಕ್ಕರೂ ಆ 10 ಜಿಬಿಯಲ್ಲೇ ಕಳೆಯುತ್ತಾ ಹೋಗಬಹುದು, ವೇಗ ಹೆಚ್ಚಾದಷ್ಟೂ ಡೇಟಾ ಬೇಗ ಖಾಲಿಯಾಗುತ್ತದೆ. ತಂದೆಯವರ ಬಳಕೆಗೆ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿಯನ್ನೇ ಆರಿಸಿಟ್ಟರೂ ಏನೂ ನಷ್ಟವಿಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಫೋನ್ ಆರಿಸುವಾಗ ಗಮನಿಸಬೇಕಾದ್ದು 5ಜಿಗಿಂತ ವೋಲ್ಟೆ, ಅಂದರೆ 4ಜಿ ಜಾಲದ ಮೂಲಕವೇ ಕರೆ ಸಾಗಿಸುವ ವ್ಯವಸ್ಥೆ. ಏರ್‌ಟೆಲ್ 3ಜಿ ಜಾಲವನ್ನು 2020ರಲ್ಲೇ ಮುಚ್ಚಿತು, ಜಿಯೊದಲ್ಲಿ 2ಜಿ, 3ಜಿ ಮೊದಲಿನಿಂದಲೂ ಇಲ್ಲ. ನಿಮ್ಮ ಕಂಪನಿಯ ಜಾಲದಲ್ಲಿ ವೋಲ್ಟೆ ಕರೆ ನಡೆಯುವ ಫೋನ್ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕರೆಯ ಸೌಲಭ್ಯವೂ ಇರಲಿ, ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೈಕೊಟ್ಟಾಗ, ಇನ್ವರ್ಟರ್ ಮೇಲೆ ವೈಫೈ ನಡೆಯುತ್ತಿದ್ದರೆ ಮಾತನಾಡಲು ಅದೊಂದೇ ದಾರಿ ಉಳಿಯುತ್ತದೆ.

ಮುಂದೆ ಎಂದಾದರೂ ಹೆಚ್ಚು ಡೇಟಾ ಬೇಕೆನಿಸಿದರೆ ಪ್ಲಾನ್ ಮುಟ್ಟಬೇಡಿ. ಇಂದಿನ ಫೋನುಗಳಲ್ಲಿ ಎರಡು ಸಿಮ್‌ಗೆ ಜಾಗವಿರುತ್ತದೆ. ಒಂದರಲ್ಲಿ ಹಳೆಯ ನಂಬರ್ ಇರಲಿ, ಇನ್ನೊಂದರಲ್ಲಿ ಊರಿನಲ್ಲಿ ಚೆನ್ನಾಗಿ ಸಿಗುವ ಬೇರೆ ಕಂಪನಿಯ ಪ್ರೀಪೇಯ್ಡ್ ಸಿಮ್ ಹಾಕಿ ಬೇಕಾದ ತಿಂಗಳು ಮಾತ್ರ ರೀಚಾರ್ಜ್ ಮಾಡಿಸಿ. ಕೆಲವು ಫೋನುಗಳಲ್ಲಿ ಎರಡನೆಯ ಸಿಮ್ ಮತ್ತು ಮೆಮೊರಿ ಕಾರ್ಡ್ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ, ಕೊಳ್ಳುವಾಗ ಟ್ರೇ ಹೊರತೆಗೆದು ತೋರಿಸಲು ಹೇಳಿ.

ಉತ್ತರ 4: ದಾವಣಗೆರೆ ಲೆಕ್ಕಪತ್ರ

ಎಲ್ಲರೂ ಹಳೆಯ ಪ್ಲಾನನ್ನು ಉಳಿಸಿಕೊಳ್ಳುವ ಬಗೆ ಹೇಳಿದ್ದೀರಿ. ಅದು ನಿಜವಾಗಿಯೂ ಅಗ್ಗವೇ ಎಂಬುದನ್ನು ಯಾರೂ ಕೇಳಲಿಲ್ಲ. ಹಳೆಯದೆಲ್ಲ ಅಗ್ಗವೆಂಬ ನಂಬಿಕೆಯಿಂದ ಹಣ ಕಳೆದುಕೊಂಡವರನ್ನು ನೋಡಿರುವುದರಿಂದ ಈ ಲೆಕ್ಕ ಮುಂದಿಡುತ್ತಿದ್ದೇನೆ.

ಅಪ್ಪನವರ ಬಿಲ್ ವರ್ಷಕ್ಕೆ 3,525 ರೂಪಾಯಿ 84 ಪೈಸೆ. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತನ್ನ ನಿಯಮ ತಿದ್ದಿ, ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ಸೂಚಿಸಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಗಳಿಗೆ 469 ರೂಪಾಯಿ ಮತ್ತು 365 ದಿನಗಳಿಗೆ 1,849 ರೂಪಾಯಿಯ ಪ್ಯಾಕುಗಳನ್ನೂ, ಜಿಯೊ 84 ದಿನಗಳಿಗೆ 448 ರೂಪಾಯಿಯ ಪ್ಯಾಕನ್ನೂ ತಂದವು. ಪ್ರೀಪೇಯ್ಡ್ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. 1,849 ರೂಪಾಯಿಯ ಲೆಕ್ಕ ಹಿಡಿದರೆ ವರ್ಷಕ್ಕೆ 1,676 ರೂಪಾಯಿಗೂ ಹೆಚ್ಚು ಉಳಿತಾಯ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದು, ಅಪ್ಪನವರು ಹೆಚ್ಚಾಗಿ ಮನೆ ಮತ್ತು ತೋಟದಲ್ಲೇ ಇರುವವರಾದರೆ, ಆ 10 ಜಿಬಿಯಲ್ಲಿ ತಿಂಗಳಿಗೆ ನಿಜವಾಗಿ ಎಷ್ಟು ಬಳಸುತ್ತಾರೆಂದು ಬಿಲ್ಲಿನಲ್ಲಿ ನೋಡಿ. ಅರ್ಧ ಜಿಬಿಯೂ ದಾಟದಿದ್ದರೆ ನೀವು ಕಾಪಾಡಲು ಹೊರಟಿರುವ ಪ್ಲಾನ್ ಅಗ್ಗದ್ದಲ್ಲ. ದಾಟುತ್ತಿದ್ದರೆ ಖಂಡಿತ ಉಳಿಸಿಕೊಳ್ಳಿ. ಪ್ರೀಪೇಯ್ಡ್‌ಗೆ ಒಮ್ಮೆ ಬದಲಾಯಿಸಿದರೆ ಆ ಪ್ಲಾನಿಗೆ ಹಿಂದಿರುಗುವ ದಾರಿ ಇರುವುದಿಲ್ಲ, ಆದ್ದರಿಂದ ಕನಿಷ್ಠ ಆರು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಯೋಚಿಸಿ.

ಇನ್ನೊಂದು ವಿಷಯವೂ ತಿಳಿದಿರಬೇಕು. 2006ರ ಟ್ರಾಯ್ ಆದೇಶದಂತೆ ಗ್ರಾಹಕರು ಪ್ಲಾನಿಗೆ ಸೇರಿದ ದಿನದಿಂದ ಆರು ತಿಂಗಳು ಅದರ ದರವನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಸಾಮಾನ್ಯ ಪ್ಲಾನುಗಳಿಗೆ ಆ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಪ್ಲಾನ್ ಇಷ್ಟು ವರ್ಷ ಉಳಿದಿರುವುದು ಕಂಪನಿ ಅದನ್ನು ಮುಟ್ಟದೆ ಬಿಟ್ಟಿರುವುದರಿಂದ. ನಾಳೆ ತಿಳಿವಳಿಕೆ ಕೊಟ್ಟು ದರ ಏರಿಸಿದರೆ ತಡೆಯುವುದು ಸುಲಭವಲ್ಲ.

ಮೈಸೂರಿನ ಸಹೋದರಿಗೆ ಒಂದು ಮಾತು. ದೂರಿನ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದಿತ್ತು, ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಅದಕ್ಕೆ ದೂರು ದಾಖಲಾದಾಗ ಕಂಪನಿ ಕೊಡುವ ಡಾಕೆಟ್ ಸಂಖ್ಯೆ ಬೇಕು. ಮುಂದೆ ಇಂಥದ್ದು ಆದವರಿಗೆ ಉಪಯೋಗವಾಗಲೆಂದು ಬರೆದೆ.

ಉತ್ತರ 5: ಮೈಸೂರಿನ ಓದುಗಿ

ಧನ್ಯವಾದಗಳು ಸರ್. ಮೇಲ್ಮನವಿಯ ವಿಷಯವನ್ನು ದೂರಿನ ಉತ್ತರ ಕೊಟ್ಟವರು ನನಗೆ ಹೇಳಲೇ ಇಲ್ಲ, ನಾನೂ ಕೇಳಲಿಲ್ಲ. ಒಂದು ಸಂಗತಿ ಸೇರಿಸುತ್ತೇನೆ: ಅಮ್ಮನ ನಂಬರನ್ನು ಸಿಟ್ಟಿನಿಂದ ಕೂಡಲೇ ಬೇರೆ ಕಂಪನಿಗೆ ಪೋರ್ಟ್ ಮಾಡಲು ಹೊರಟಿದ್ದರೂ ಆಗುತ್ತಿರಲಿಲ್ಲ. 2024ರ ಜುಲೈ 1ರಿಂದ ಸಿಮ್ ಬದಲಿಸಿದ ಏಳು ದಿನಗಳೊಳಗೆ ಪೋರ್ಟ್ ಮಾಡಲು ಬಿಡುವುದಿಲ್ಲ.

ಉತ್ತರ 6: ಶಿರಸಿಯ ಮಗಳು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಏನಾಯಿತೆಂದು ಬರೆಯುವುದು ನನ್ನ ಕರ್ತವ್ಯ.

ದಾವಣಗೆರೆಯವರ ಮಾತಿನಂತೆ ಆರು ಬಿಲ್ಲುಗಳನ್ನು ತೆಗೆದು ನೋಡಿದೆ. ಮನೆಯಲ್ಲಿ ಫೈಬರ್ ಇದ್ದರೂ ಅಪ್ಪ ತಿಂಗಳಿಗೆ 4ರಿಂದ 6 ಜಿಬಿ ಹೊರಗೇ ಬಳಸುತ್ತಿದ್ದಾರೆ. ತೋಟದ ಮೇಲಿನ ತುದಿಗೆ ವೈಫೈ ಹೋಗುವುದಿಲ್ಲ, ಕೊನೆಕೊಯ್ಲಿನ ದಿನಗಳಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುತ್ತಾರೆ. ಸೊಸೈಟಿಯಲ್ಲಿ ಕೂತಾಗ ದರದ ಮೆಸೇಜು, ಪೇಟೆಯಲ್ಲಿ ಯುಪಿಐ, ಮೊಮ್ಮಗಳೊಂದಿಗೆ ವೀಡಿಯೊ ಕರೆ ಎಲ್ಲವೂ ಈ ಡೇಟಾದಲ್ಲೇ. ಆದ್ದರಿಂದ ಈ ಪ್ಲಾನ್ ಉಳಿಸಿಕೊಳ್ಳುವುದೇ ಸರಿ ಎಂದು ತೀರ್ಮಾನಿಸಿದೆವು.

ಶನಿವಾರ ಬೆಳಿಗ್ಗೆ ಅಪ್ಪನೊಂದಿಗೆ ಕಂಪನಿಯ ಮಳಿಗೆಗೆ ಹೋದೆ. "ಸಿಮ್ ರೀಪ್ಲೇಸ್‌ಮೆಂಟ್ ಮಾತ್ರ" ಎಂದು ಅಪ್ಪನೇ ಹೇಳಿದರು, ಬಸ್ಸಿನಲ್ಲಿ ಬರುವಾಗ ಎರಡು ಸಲ ಹೇಳಿಸಿಕೊಂಡು ಬಂದಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಹೊಸ ಪ್ಲಾನಿನ ಬಗ್ಗೆ ಒಮ್ಮೆ ಕೇಳಿದರು, ಬೇಡವೆಂದಾಗ ಒತ್ತಾಯ ಮಾಡಲಿಲ್ಲ. ಒಟಿಪಿ ಒಂದೇ ಬಂತು. ಅದರ ಸಾಲನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ, ಸಿಮ್‌ಗೆ ಸಂಬಂಧಿಸಿದ್ದೆಂದು ನೋಡಿಕೊಂಡ ಮೇಲೆ ಅಂಕಿ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಹೊಸ ಸಿಮ್ ಚಾಲೂ ಆಯಿತು, ಎಸ್‌ಎಂಎಸ್ ಬರಲು ಶುರುವಾದದ್ದು ಭಾನುವಾರ ಮಧ್ಯಾಹ್ನದ ನಂತರ. ಬ್ಯಾಂಕಿನ ಆ್ಯಪನ್ನೂ ಯುಪಿಐಯನ್ನೂ ಸಂಜೆ ನಾನೇ ಕೂತು ಹೊಂದಿಸಿಕೊಟ್ಟೆ. ಹಳೆಯ ಫೋನನ್ನು ಸರ್ವಿಸ್ ಸೆಂಟರಿನಲ್ಲಿ ಒಪ್ಪಿಸಿದೆವು.

ಬಿಲ್ ಬರುವವರೆಗೆ ಕಾದು ಬರೆಯೋಣವೆಂದು ಇಷ್ಟು ದಿನ ಸುಮ್ಮನಿದ್ದೆ. ನಿನ್ನೆ ಬಂತು: 293 ರೂಪಾಯಿ 82 ಪೈಸೆ.